ಗಿರಿಯ ಚೆಲುವು, ಚರಿತ್ರೆಯ ನೆರಳು

ಜರ್ಮನಿಯ ಆಗ್ನೇಯ ಅಂಚಿನಲ್ಲಿ, ಆಸ್ಟ್ರಿಯದ ಗಡಿಗೆ ಸಮೀಪವಾಗಿ, ಆಲ್ಪ್ಸ್ ಪರ್ವತಗಳ ಮಡಿಲಿನಲ್ಲಿ ಬೆರ್ಖ್ಟೆಸ್‌ಗಾಡೆನ್ ಎಂಬ ಪಟ್ಟಣವಿದೆ. ಅದರ ಮೇಲಣ ಇಳಿಜಾರಿನಲ್ಲಿರುವ ನೆಲೆಯೇ ಓಬರ್ಸಾಲ್ಸ್‌ಬರ್ಗ್. ಹಸುರು ಹುಲ್ಲುಗಾವಲು, ದಟ್ಟವಾದ ಕಾಡು, ಹಿಮ ಹೊದ್ದ ಶಿಖರಗಳು. ನೋಡುವವರ ಕಣ್ಣಿಗೆ ಇದು ಶಾಂತಿಯ ತವರು. ಆದರೆ ಈ ಗಿರಿಯ ಇತಿಹಾಸ ಅಷ್ಟು ಶಾಂತವಾದುದಲ್ಲ.

ಹಿಂದೆ ಇಲ್ಲಿ ರೈತರೂ ಪ್ರವಾಸಿಗರಿಗೆ ವಸತಿಗೃಹಗಳನ್ನು ನಡೆಸುವವರೂ ವಾಸವಾಗಿದ್ದರು. ಅಡಾಲ್ಫ್ ಹಿಟ್ಲರನು 1923ರಲ್ಲಿ ಮೊದಲ ಬಾರಿಗೆ ಇಲ್ಲಿಗೆ ಬಂದನು. 1933ರಲ್ಲಿ ಅಧಿಕಾರಕ್ಕೇರಿದ ಬಳಿಕ, ತಾನು ಬಾಡಿಗೆಗೆ ಪಡೆದಿದ್ದ ಮನೆಯನ್ನು ಕೊಂಡು, ಅದನ್ನು ‘ಬೆರ್ಗ್‌ಹೋಫ್’ ಎಂಬ ಭವನವಾಗಿ ವಿಸ್ತರಿಸಿದನು. ಅವನ ಅನುಚರ ಮಾರ್ಟಿನ್ ಬೋರ್ಮನ್ ಸುತ್ತಲಿನ ಆಸ್ತಿಗಳನ್ನು ಒತ್ತಾಯದಿಂದ ವಶಪಡಿಸಿಕೊಂಡನು. ನೆಲದ ಮಕ್ಕಳು ಊರು ತೊರೆಯಬೇಕಾಯಿತು. ಗಿರಿಯ ಸುತ್ತ ಬೇಲಿ ಎದ್ದಿತು.

ಇಲ್ಲಿ ತೆಗೆದ ಛಾಯಾಚಿತ್ರಗಳು ದೇಶದ ಮನೆಮನೆಗಳನ್ನು ತಲಪಿದವು. ಅವುಗಳಲ್ಲಿ ಹಿಟ್ಲರನು ಮಕ್ಕಳೊಡನೆ ನಗುತ್ತಿದ್ದನು, ನಾಯಿಯೊಡನೆ ಅಡ್ಡಾಡುತ್ತಿದ್ದನು. ಪ್ರಕೃತಿಯ ಚೆಲುವು ಹೀಗೆ ಕ್ರೌರ್ಯಕ್ಕೆ ಮುಸುಕಾಯಿತು. ಅದೇ ಭವನದಲ್ಲಿ 1940ರ ಜುಲೈ 31ರಂದು ಅವನು ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡುವ ತನ್ನ ಸಂಕಲ್ಪವನ್ನು ಸೇನಾನಾಯಕರಿಗೆ ತಿಳಿಸಿದನು. ಕೋಟ್ಯಂತರ ಜನರ ಬಲಿ ಪಡೆದ ಯುದ್ಧದ ನಿರ್ಧಾರಗಳು ಈ ರಮ್ಯ ಪರಿಸರದಲ್ಲಿಯೇ ರೂಪುಗೊಂಡವು.

1945ರ ಏಪ್ರಿಲ್ 25ರಂದು ಬ್ರಿಟಿಷ್ ವಿಮಾನಗಳು ಇಲ್ಲಿ ಬಾಂಬುಗಳನ್ನು ಸುರಿದವು. ಪಾಳುಬಿದ್ದ ಬೆರ್ಗ್‌ಹೋಫ್ ಆರಾಧನೆಯ ಸ್ಥಳವಾಗಬಾರದೆಂದು 1952ರಲ್ಲಿ ಅದರ ಗೋಡೆಗಳನ್ನು ಸಿಡಿಸಿ ಉರುಳಿಸಲಾಯಿತು. ಅಲ್ಲಿ ಮರಗಳು ಬೆಳೆದವು. ಆದರೆ ಕುರುಹನ್ನು ಅಳಿಸಿದ ಮಾತ್ರಕ್ಕೆ ಕುತೂಹಲ ಅಳಿಯಲಿಲ್ಲ. ಜನ ಬರುತ್ತಲೇ ಇದ್ದರು. ಅವರಿಗೆ ಸತ್ಯವನ್ನು ತಿಳಿಸುವವರು ಬೇಕಾಗಿದ್ದರು. ಆ ಕೊರತೆಯನ್ನು ನೀಗಲು 1999ರಲ್ಲಿ ಇಲ್ಲಿ ದಾಖಲೆಗಳ ಪ್ರದರ್ಶನಾಲಯವೊಂದು ತೆರೆಯಿತು. ಯೆಹೂದ್ಯರ ಹತ್ಯೆ, ಪ್ರಚಾರದ ತಂತ್ರ, ನೆಲ ಕಳೆದುಕೊಂಡವರ ಪಾಡು ಎಲ್ಲವನ್ನೂ ಅದು ದಾಖಲೆಗಳ ಮೂಲಕ ವಿವರಿಸುತ್ತದೆ.

ಸಮೀಪದ ಕೆಲ್‌ಸ್ಟೈನ್ ಶಿಖರದಲ್ಲಿ, 1,834 ಮೀಟರ್ ಎತ್ತರದಲ್ಲಿ, ಆ ಕಾಲದ ಇನ್ನೊಂದು ಕಟ್ಟಡ ಉಳಿದಿದೆ. ಅದೀಗ ಉಪಾಹಾರಗೃಹ. ಬಂಡೆಯನ್ನು ಕೊರೆದು ಮಾಡಿದ ಸುರಂಗದ ಕೊನೆಯಲ್ಲಿರುವ ಲಿಫ್ಟು ಪ್ರವಾಸಿಗರನ್ನು 124 ಮೀಟರ್ ಮೇಲಕ್ಕೆ ಒಯ್ಯುತ್ತದೆ. ಅಲ್ಲಿಂದ ಕಾಣುವ ನೋಟ ಮನೋಹರ. ಆದರೆ ಆ ನೋಟವನ್ನಷ್ಟೇ ಕಂಡು ಮರಳಿದವನು ಹಿಂದಿನ ಛಾಯಾಚಿತ್ರಗಳನ್ನು ಕಂಡವನಂತೆ ಅರ್ಧವನ್ನು ಮಾತ್ರ ಕಂಡಿರುತ್ತಾನೆ. ಕೆಳಗಿನ ಪ್ರದರ್ಶನಾಲಯವನ್ನೂ ಹೊಕ್ಕು ಬಂದವನು ಗಿರಿಯನ್ನು ಪೂರ್ಣವಾಗಿ ಕಂಡವನಾಗುತ್ತಾನೆ.