ಹೆಪ್ಪುಗಟ್ಟಿದ ನಿಲ್ದಾಣಕ್ಕೆ ಹೋದ ಇಬ್ಬರು

1984ರ ಏಪ್ರಿಲ್‌ನಲ್ಲಿ ನಮ್ಮ ರಾಕೇಶ್ ಶರ್ಮಾ ಒಂದು ವಾರ ತಂಗಿದ್ದ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್-7, ವರ್ಷ ತುಂಬುವ ಮೊದಲೇ ಉಸಿರು ನಿಲ್ಲಿಸಿತು. 1985ರ ಫೆಬ್ರುವರಿಯಲ್ಲಿ ಸಂಪರ್ಕ ಕಡಿದಾಗ ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಸುಮಾರು 20 ಟನ್ ತೂಕದ ಆ ನಿಲ್ದಾಣ ಹಿಡಿತ ತಪ್ಪಿ ಭೂಮಿಯನ್ನು ಸುತ್ತುತ್ತಿತ್ತು. ನಿಲ್ದಾಣ ಕಟ್ಟುವುದಕ್ಕಿಂತ ಅದನ್ನು ನಡೆಸಿಕೊಂಡು ಹೋಗುವುದೇ ದೊಡ್ಡ ಕೆಲಸ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿಲ್ಲ.

ಅದಕ್ಕೆ ಮತ್ತೆ ಜೀವ ಕೊಡಲು ಜೂನ್ 6ರಂದು ಗಗನಯಾತ್ರಿಗಳಾದ ವ್ಲಾದಿಮಿರ್ ಜಾನಿಬೆಕೋವ್ ಮತ್ತು ವಿಕ್ತೋರ್ ಸವಿನಿಖ್ ಸೊಯುಜ್ ಟಿ-13 ನೌಕೆ ಏರಿದರು. ಸಾಮಾನ್ಯವಾಗಿ ನಿಲ್ದಾಣವೇ ರೇಡಿಯೊ ಮೂಲಕ ನೌಕೆಗೆ ದಾರಿ ತೋರಿಸುತ್ತದೆ. ಈಗ ಅದು ಮೂಕ. ಲೇಸರ್ ಉಪಕರಣದಿಂದ ದೂರ ಅಳೆಯುತ್ತ, ಕಿಟಕಿಯಲ್ಲಿ ಕಣ್ಣಿಟ್ಟು, ಕೈಯಿಂದಲೇ ನೌಕೆ ನಡೆಸಿ ಎರಡು ದಿನಗಳ ನಂತರ ಜೋಡಿಸಿದರು.

ಒಳಗೆ ಕತ್ತಲೆ, ಗೋಡೆಯ ಮೇಲೆಲ್ಲ ಹಿಮ. ಕುಡಿಯುವ ನೀರಿನ ಟ್ಯಾಂಕ್ ಕಲ್ಲಾಗಿತ್ತು. ಉಣ್ಣೆ ಟೋಪಿ ಹಾಕಿಕೊಂಡೇ ಕೆಲಸ. ಫ್ಯಾನುಗಳು ನಿಂತಿದ್ದುದು ಇನ್ನೂ ಅಪಾಯ: ತೂಕವಿಲ್ಲದ ಜಾಗದಲ್ಲಿ ಬಿಸಿಗಾಳಿ ಮೇಲೇರುವುದಿಲ್ಲ, ಬಿಟ್ಟ ಉಸಿರು ಮುಖದ ಸುತ್ತಲೇ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಒಂದೇ ಕಡೆ ಕೆಲಸ ಮಾಡಿದರೆ ತಲೆನೋವು, ಸುಸ್ತು.

ಕಾರಣ ಹುಡುಕಿದರೆ, ಬ್ಯಾಟರಿಯ ಚಾರ್ಜ್ ಗಮನಿಸುವ ಒಂದು ಸೆನ್ಸರ್ ಕೆಟ್ಟಿತ್ತು. ಬ್ಯಾಟರಿ ತುಂಬಿದೆ ಎಂದು ಸುಳ್ಳು ಹೇಳಿ ಚಾರ್ಜಿಂಗ್ ನಿಲ್ಲಿಸಿತ್ತು, ಅಷ್ಟೇ. ಒಳಗೊಬ್ಬ ಮನುಷ್ಯ ಇದ್ದಿದ್ದರೆ ಅಂದೇ ಗೊತ್ತಾಗುತ್ತಿತ್ತೇನೋ. ಇಬ್ಬರೂ ಎಂಟು ಬ್ಯಾಟರಿಗಳಲ್ಲಿ ಜೀವವಿದ್ದ ಆರನ್ನು ಆರಿಸಿ, ಆ ಚಳಿಯಲ್ಲಿ ವೈರುಗಳನ್ನು ಬರಿಗೈಯಲ್ಲಿ ಹೊಸೆದು, ಟೇಪು ಸುತ್ತಿ, ನೇರವಾಗಿ ಸೌರಫಲಕಗಳಿಗೆ ಜೋಡಿಸಿದರು. ಸೊಯುಜ್‌ನ ಎಂಜಿನ್ನು ಉರಿಸಿ ಇಡೀ ನಿಲ್ದಾಣವನ್ನು ಸೂರ್ಯನತ್ತ ತಿರುಗಿಸಿದರು. ಮಳೆಗಾಲದ ರಾತ್ರಿ ಕಂಬ ಹತ್ತುವ ನಮ್ಮ ಲೈನ್‌ಮನ್‌ಗಳಿಗೆ ಈ ಕೆಲಸದ ಗುರುತು ತಕ್ಷಣ ಸಿಕ್ಕೀತು.

ಬಿಸಿಯೇರಿದ ಮೇಲೆ ಹೊಸ ಕಾಟ. ಹಿಮ ಕರಗಿ ವೈರು, ಯಂತ್ರಗಳ ಮೇಲೆಲ್ಲ ನೀರು. ಒರೆಸುವ ಬಟ್ಟೆ ಮುಗಿದಾಗ ಹಳೆಯ ಉಡುಪುಗಳನ್ನೇ ಹರಿದುಕೊಂಡರು. (ಅದೇ ಜೂನ್ ಕೊನೆಗೆ ಸರಕು ನೌಕೆಯ ಸಾಮಾನು ಬಿಚ್ಚುವಾಗ, ಬೋಲ್ಟಿನಿಂದ ಕಳಚಿ ತೇಲಿಹೋದ ರೆಕ್ಕೆಯ ನಟ್ಟು ಮತ್ತೆ ಮತ್ತೆ ತಾನಾಗಿ ಮಗುಚಿಕೊಳ್ಳುವುದನ್ನು ಜಾನಿಬೆಕೋವ್ ಕಂಡರು. ಆ ವಿದ್ಯಮಾನಕ್ಕೆ ಇಂದೂ ಅವರದೇ ಹೆಸರು.)

ಸೆಪ್ಟೆಂಬರಿನಲ್ಲಿ ಸೊಯುಜ್ ಟಿ-14 ಮೂವರನ್ನು ಕರೆತಂದಿತು. ಜಾನಿಬೆಕೋವ್ ಅವರಲ್ಲೊಬ್ಬರಾದ ಗ್ರೆಚ್ಕೋ ಜತೆ ಇಳಿದರು, ಸವಿನಿಖ್ ಉಳಿದುಕೊಂಡರು. ಹಳಬರೊಬ್ಬರು ಒಳಗಿರುವಾಗಲೇ ಹೊಸಬರಿಗೆ ಪಾಳಿ ವಹಿಸಿದ್ದು ಅದೇ ಮೊದಲು. ಆದರೆ ಹೊಸ ಕಮಾಂಡರ್ ವಾಸ್ಯುತಿನ್ ಕಾಯಿಲೆ ಬಿದ್ದದ್ದರಿಂದ ನವೆಂಬರಿನಲ್ಲಿ ಎಲ್ಲರೂ ಅವಧಿಗೆ ಮುನ್ನವೇ ವಾಪಸಾದರು. ಸಲ್ಯೂತ್-7 ಮತ್ತೆ ಖಾಲಿಯಾಯಿತು.