ಜೋಡುನಳಿಗೆ ರೈಫಲ್ಲು: ತೋಟಾ ಮತ್ತು ಸೈಟು

ಕೆನೆತ್ ಆಂಡರ್ಸನ್ನರ ಬೇಟೆಯ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರು ನಮ್ಮಲ್ಲಿ ಅನೇಕರು. ಆ ಕತೆಗಳ ಕಾಡಿನ ಕಡವೆ ನ್ಯೂಜಿಲೆಂಡಿನಲ್ಲೂ ಉಂಟು. 1870ರ ದಶಕದಲ್ಲಿ ಸಿಂಹಳದಿಂದ ತಂದು ಮನವಾಟು ಪ್ರಾಂತದಲ್ಲಿ ಬಿಟ್ಟವುಗಳ ಸಂತತಿ ಇಂದಿಗೂ ಇದೆ. ಇಲ್ಲಿಯ ಬೇಟೆಗಾರ ಗೆಳೆಯರ ಮನೆಯಲ್ಲೋ, ಊರಿನ ಎಸ್ಟೇಟ್ ಬಂಗಲೆಯಲ್ಲೋ ಅಜ್ಜನ ಕಾಲದ ಜೋಡುನಳಿಗೆ ರೈಫಲ್ಲೊಂದು ಕಣ್ಣಿಗೆ ಬಿದ್ದರೆ ಏಳುವ ಮೊದಲ ಪ್ರಶ್ನೆ, ಇದಕ್ಕೆ ಯಾವ ತೋಟಾ ಎಂಬುದು. ಉತ್ತರ ತಪ್ಪಿದರೆ ಕೈಗೂ ಕಣ್ಣಿಗೂ ಅಪಾಯವಾದ್ದರಿಂದ ಈ ವಿಷಯವನ್ನು ತುಸು ವಿವರವಾಗಿ ನೋಡೋಣ.

ಕೊಡಗಿನ ಮನೆಗಳಲ್ಲಿ ಕೈಲ್ ಪೊಳ್ದಿನಂದು ಪೂಜೆಗೊಳ್ಳುವ ಜೋಡುನಳಿಗೆ ಕೋವಿ ಸಾಮಾನ್ಯವಾಗಿ ಚರೆ ಹಾರಿಸುವಂಥದು. ಅದರ ನಳಿಗೆಯ ಒಳಗೆ ನುಣುಪು. ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೀರುಗಳಿದ್ದು, ಅದು ಒಂಟಿ ಗುಂಡನ್ನು ತಿರುಗಿಸುತ್ತ ಕಳಿಸುತ್ತದೆ. ಎರಡೂ ನಡುವೆ ಮಡಿಸಿ ತೆರೆಯುವಂಥವು. ಹಾಗೆ ತೆರೆದಾಗ ತೋಟಾವನ್ನು ಹೊರಕ್ಕೆಳೆಯಲು ಅದರ ಬುಡದಲ್ಲಿ ಹೊರಚಾಚಿದ ಅಂಚು ಇದ್ದರೆ ಅನುಕೂಲ. ಆದುದರಿಂದಲೇ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1912ರಲ್ಲಿ ತನ್ನ 375 ತೋಟಾವನ್ನು ಎರಡು ಬಗೆಯಲ್ಲಿ ತಂದಿತು. ಒಂದು ಮ್ಯಾಗಜೀನ್ ರೈಫಲ್ಲಿಗೆ; ಇನ್ನೊಂದು, ಅಂಚುಳ್ಳದ್ದು, ಜೋಡುನಳಿಗೆಗೆ. ಒಂದರ ಬದಲು ಇನ್ನೊಂದು ನಡೆಯದು.

ಹೆಸರು ಒಂದೇ ಇದ್ದು ತೋಟಾ ಬೇರೆಯಾಗುವುದೂ ಉಂಟು. 450/400 ಎಂಬುದರಲ್ಲಿ ಮೂರು ಇಂಚಿನ ಹಿತ್ತಾಳೆ ಕೊಳವೆಯದು ಒಂದು, ಮೂರೂಕಾಲು ಇಂಚಿನದು ಇನ್ನೊಂದು. ಇವೂ ಅದಲುಬದಲಾಗವು. ಇದಕ್ಕಿಂತ ಮೋಸದ ಸಂಗತಿ 450ರದು. ಹಿಂದೆ ಕಪ್ಪು ಮದ್ದಿಗೆ ಇದ್ದ ಮೂರೂಕಾಲು ಇಂಚಿನ ಕೊಳವೆಗೇ 1898ರಲ್ಲಿ ರಿಗ್ಬಿ ಕಂಪನಿ ಕಾರ್ಡೈಟ್ ಮದ್ದು ತುಂಬಿತು. ಹೊಸ ತೋಟಾ ಹಳೆಯ ರೈಫಲ್ಲಿನಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಅದರ ಒತ್ತಡವನ್ನು ತಡೆಯುವ ಶಕ್ತಿ ಆ ನಳಿಗೆಗೆ ಇಲ್ಲ. ತೋಟಾ ಕೂತಿತು ಎಂದ ಮಾತ್ರಕ್ಕೆ ಈಡು ಹೊಡೆಯಬಾರದು.

1907ರ ಸುಮಾರಿಗೆ ಬ್ರಿಟಿಷ್ ಸರ್ಕಾರ ಇಂಡಿಯಾದಲ್ಲಿ 450 ಬೋರನ್ನು ನಿಷೇಧಿಸಿತು. ಆ ಗುಂಡು ದಂಗೆಕೋರರ ಕೈಯಲ್ಲಿದ್ದ ಮಾರ್ಟಿನಿ ಹೆನ್ರಿ ಬಂದೂಕುಗಳಿಗೆ ಒದಗೀತೆಂಬ ಭಯ. ಆಗ ಕಂಪನಿಗಳು 465, 470, 475 ಎಂದು ಹೊಸ ಹೊಸ ಅಳತೆ ಹುಟ್ಟಿಸಿದವು. ಇಂದಿನ ಗೊಂದಲಕ್ಕೆ ಇದೂ ಒಂದು ಕಾರಣ.

ಇನ್ನು ಸೈಟಿನ ವಿಚಾರ. ಹಿಂದುಗಡೆ ಅಗಲವಾದ 'ವಿ' ಆಕಾರದ ಕಚ್ಚು, ನಳಿಗೆಯ ತುದಿಯಲ್ಲಿ ಮಣಿ, ಇದು ಹಳೆಯ ಪದ್ಧತಿ. ಹತ್ತಿರದಿಂದ ಓಡಿಬರುವ ಪ್ರಾಣಿಗೆ ಇದೇ ವೇಗ. ಮಬ್ಬುಗತ್ತಲಿಗೆಂದು ಎತ್ತಿ ನಿಲ್ಲಿಸುವ ದೊಡ್ಡ ಬಿಳಿ ಮಣಿಯನ್ನೂ ಕೆಲವಕ್ಕೆ ಕೂರಿಸುತ್ತಿದ್ದರು. ನಲವತ್ತೈದು ದಾಟಿದ ಕಣ್ಣಿಗೆ ಕಚ್ಚು, ಮಣಿ, ಗುರಿ ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದು ಕಷ್ಟ. ಅಂಥವರಿಗೆ ದುರ್ಬೀನು ಅಥವಾ ಕೆಂಪು ಚುಕ್ಕೆಯ ಸೈಟು ಹಿತ. ಆದರೆ ಅದಕ್ಕಾಗಿ ಹಳೆಯ ರೈಫಲ್ಲಿಗೆ ತೂತು ಕೊರೆದರೆ ಅದರ ಬೆಲೆ ಇಳಿಯುತ್ತದೆ. ಇನ್ನೊಂದು ಮಾತು: ಎರಡು ನಳಿಗೆಗಳೂ ಒಂದೇ ಕಡೆ ಹೊಡೆಯುವಂತೆ ಕಾರ್ಖಾನೆಯಲ್ಲಿ ಒಂದು ನಿರ್ದಿಷ್ಟ ತೋಟಾಕ್ಕೆ ಹೊಂದಿಸಿರುತ್ತಾರೆ. ಮದ್ದೋ ಗುಂಡಿನ ತೂಕವೋ ಬದಲಾದರೆ ಎಡದ ಗುಂಡು ಒಂದೆಡೆ, ಬಲದ್ದು ಇನ್ನೊಂದೆಡೆ. ಯಾವ ಸೈಟೂ ಇದನ್ನು ಸರಿಪಡಿಸಲಾರದು.

ಹಾಗಾದರೆ ತಿಳಿಯುವುದು ಹೇಗೆ? ನಳಿಗೆಯನ್ನು ಬಿಚ್ಚಿ, ಬುಡದ ಕೆಳಭಾಗದ ಚಪ್ಪಟೆ ಜಾಗ ನೋಡಬೇಕು. ಪರೀಕ್ಷೆಯ ಮುದ್ರೆಗಳೂ, ಹಲವು ಬಾರಿ ಕಾರ್ಡೈಟಿನ ಮತ್ತು ಗುಂಡಿನ ತೂಕವೂ ಅಲ್ಲೇ ಕೆತ್ತಿರುತ್ತವೆ. ಅದನ್ನು ಓದಬಲ್ಲ ಕೋವಿ ಕೆಲಸಗಾರನಿಂದ ಕೋಣೆಯ ಅಳತೆಯನ್ನೂ ತೆಗೆಸಬೇಕು. ಊರಿನಿಂದ ಇಲ್ಲಿಗೆ ತರುವ ಆಸೆಯಿದ್ದವರು ಲೈಸೆನ್ಸನ್ನೂ ಆಮದಿನ ಪರವಾನಗಿಯನ್ನೂ ಮೊದಲೇ ಪಡೆದಿರಬೇಕು. ಇದಾವುದೂ ಆಗುವವರೆಗೆ, ಪೆಟ್ಟಿಗೆಯ ಮೂಲೆಯಲ್ಲಿ ಸಿಕ್ಕ ಹಳೆಯ ತೋಟಾವನ್ನು ಪರೀಕ್ಷೆಗೆಂದೂ ಹಾಕಬಾರದೆಂದು ನಮ್ಮ ಕೋರಿಕೆ.