ಎಚ್ಚರದಲ್ಲೇ ಶಸ್ತ್ರಚಿಕಿತ್ಸೆ: ರೋಗಿಯ ಮಾತೇ ಮೊದಲು

ಮಗಳ ಮೆದುಳಿನಲ್ಲಿ ಗೆಡ್ಡೆಯಿದೆ, ಅವಳನ್ನು ಎಚ್ಚರವಾಗಿರಿಸಿಯೇ ಶಸ್ತ್ರಚಿಕಿತ್ಸೆ ನಡೆಸಬೇಕೆಂದು ವೈದ್ಯರು ಹೇಳಿದ್ದಾರೆ ಎಂದು ತಿಳಿಸಲು ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಬಂದಿದ್ದರು. "ಇದು ಕ್ರೌರ್ಯವಲ್ಲವೇ ಫಾದರ್?" ಎಂದು ಕೇಳಿದರು. ಓದುಗರಲ್ಲಿ ಅನೇಕರಿಗೂ ಹಾಗೆಯೇ ಅನ್ನಿಸಬಹುದು.

ದೇಹದ ನೋವನ್ನೆಲ್ಲ ಅರಿಯುವ ಮೆದುಳಿಗೆ ತನ್ನನ್ನೇ ಮುಟ್ಟಿದರೆ ನೋವಿಲ್ಲ. ನೋಯುವುದು ತಲೆಯ ಚರ್ಮ ಮತ್ತು ಮೆದುಳಿನ ಹೊರಪೊರೆ. ಅವುಗಳಿಗೆ ಸ್ಥಳೀಯ ಅರಿವಳಿಕೆ ನೀಡುತ್ತಾರೆ. ತಲೆಬುರುಡೆ ತೆರೆಯುವಾಗ ನಿದ್ರೆ ಬರಿಸಿ, ಬಳಿಕ ಎಬ್ಬಿಸುವುದೂ ಉಂಟು. ಮಾತಿನ ನೆಲೆಗಳು ಎಲ್ಲರ ಮೆದುಳಿನಲ್ಲೂ ಒಂದೇ ಸ್ಥಾನದಲ್ಲಿರುವುದಿಲ್ಲ. ಆದುದರಿಂದ ವೈದ್ಯರು ಕ್ಷೀಣವಾದ ವಿದ್ಯುತ್ತನ್ನು ಒಂದೊಂದೇ ಸ್ಥಳಕ್ಕೆ ಸೋಂಕಿಸುತ್ತಾರೆ. ಅದೇ ವೇಳೆ ರೋಗಿಗೆ ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸುತ್ತಾರೆ. ಎಲ್ಲಿ ಮಾತು ತಡೆಯುವುದೋ ಆ ಸ್ಥಳವನ್ನು ಕತ್ತರಿಸದೆ ಉಳಿಸಲು ಯತ್ನಿಸುತ್ತಾರೆ.

ಈ ವಿಧಾನವನ್ನು ಬೆಳೆಸಿದವರಲ್ಲಿ ಕೆನಡಾದ ವೈಲ್ಡರ್ ಪೆನ್‌ಫೀಲ್ಡ್ ಪ್ರಮುಖರು. 1934ರಲ್ಲಿ ಮಾಂಟ್ರಿಯಲ್‌ನಲ್ಲಿ ನರವಿಜ್ಞಾನ ಸಂಸ್ಥೆಯನ್ನು ತೆರೆದ ಅವರು ಮೂರ್ಛೆರೋಗಿಗಳಿಗೆ ಹೀಗೆಯೇ ಚಿಕಿತ್ಸೆ ನೀಡಿದರು. ವಿದ್ಯುತ್ ಸೋಂಕಿದಾಗ ರೋಗಿಯ ಕೈ ಚಲಿಸುತ್ತಿತ್ತು. ಆದರೆ ಚಲಿಸಿದ್ದು ತಾನಲ್ಲ, ವೈದ್ಯರೇ ಚಲಿಸುವಂತೆ ಮಾಡಿದರು ಎಂದು ರೋಗಿ ಹೇಳುತ್ತಿದ್ದ. ಕೇವಲ ಮೆದುಳಿನಿಂದ ಮನಸ್ಸನ್ನು ವಿವರಿಸಲಾಗದು ಎಂಬ ಅಭಿಪ್ರಾಯಕ್ಕೆ ಪೆನ್‌ಫೀಲ್ಡ್ ಬಂದರು; 1975ರ ತಮ್ಮ ಗ್ರಂಥದಲ್ಲಿ ಅದನ್ನು ಪ್ರತಿಪಾದಿಸಿದರು. ಅನೇಕ ವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ.

ಆತ್ಮಕ್ಕೆ ಪ್ರಯೋಗಾಲಯದ ಸಾಕ್ಷಿ ದೊರೆಯಿತೆಂದು ನಾವೂ ಸಂಭ್ರಮಿಸಬೇಕಾಗಿಲ್ಲ. ಸಂತ ತೋಮಸ್ ಅಕ್ವಿನಾಸರ ಬೋಧನೆಯಂತೆ ಮನುಷ್ಯನು ದೇಹದೊಳಗೆ ಬಾಡಿಗೆಗಿರುವ ಆತ್ಮವಲ್ಲ. ದೇಹ ಆತ್ಮಗಳೆರಡೂ ಒಂದಾದ ವ್ಯಕ್ತಿ. ಹಾಗಿರುವಾಗ ವೈದ್ಯರ ಕೈಯಲ್ಲಿರುವುದು ಬರಿಯ ಮಾಂಸಖಂಡವಲ್ಲ, ಒಬ್ಬ ವ್ಯಕ್ತಿಯ ಮಾತು, ನೆನಪು, ಬದುಕು. ಅದನ್ನು ಕಾಪಾಡಲು ಅವರು ಆ ವ್ಯಕ್ತಿಯನ್ನೇ ಕೇಳುತ್ತಾರೆ. ಇದು ಕ್ರೌರ್ಯವಲ್ಲ, ಗೌರವ.

ಇಷ್ಟನ್ನೂ ಆ ತಂದೆಗೆ ಅರ್ಧ ಗಂಟೆ ವಿವರಿಸಿದೆವು. ಅವರು ಹೊರಟುಹೋದ ಮೇಲೆ, ಮಗಳನ್ನು ನಾವು ಒಂದು ಮಾತೂ ಕೇಳಲಿಲ್ಲವೆಂಬುದು ಹೊಳೆಯಿತು. ಮರುದಿನ ಆಸ್ಪತ್ರೆಗೆ ಹೋಗಿ ಆಕೆಯ ಪಕ್ಕದಲ್ಲಿ ಕುಳಿತು, ಮನಸ್ಸಿನಲ್ಲೇನಿದೆಯೆಂದು ಕೇಳಿದೆವು. ಆಕೆ ಶಾಲಾ ಶಿಕ್ಷಕಿ. "ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಯಾವ ಭಾಷೆಯಲ್ಲಿ ಹೆಸರು ಹೇಳಿಸುತ್ತಾರೆ ಫಾದರ್? ಒಂದು ಉಳಿದು ಇನ್ನೊಂದು ಹೋದರೆ?" ಎಂದರು.

ಬಲ್ಲ ಭಾಷೆಗಳ ನೆಲೆಗಳು ಮೆದುಳಿನಲ್ಲಿ ಕೆಲಮಟ್ಟಿಗೆ ಬೇರೆಯಾಗಿರಬಹುದು. ಎರಡರಲ್ಲೂ ಪರೀಕ್ಷಿಸುವ ಕ್ರಮವೂ ಇದೆ. ಆದ್ದರಿಂದ ಇದನ್ನು ವೈದ್ಯರಿಗೆ ಇಂದೇ ತಿಳಿಸಿರಿ ಎಂದೆವು. ಹಾಸಿಗೆಯ ಸುತ್ತ ನಿಂತಿದ್ದ ಬಂಧುಗಳಲ್ಲಿ ಒಬ್ಬರಿಗೂ ಆಕೆಯ ಈ ಚಿಂತೆ ತಿಳಿದಿರಲಿಲ್ಲ. ರೋಗಿಗಳನ್ನು ಸಂದರ್ಶಿಸಲು ಹೋಗುವ ನಾವೆಲ್ಲರೂ ಸಾಂತ್ವನದ ಮಾತಿಗೆ ಮುನ್ನ ಅವರ ಮಾತನ್ನು ಕೇಳೋಣ.